ಕೋರಸ್‌ನಿಂದ ಕ್ವಾಯರ್‌ಗೆ: ಹಾಡುವ ಸಾಲಿನಲ್ಲಿ ಯಾರಿಗೆ ಜಾಗ

ಗ್ರೀಕರ ‘ಖೊರೋಸ್’ ಬರೀ ಹಾಡುವವರ ಗುಂಪಲ್ಲ. ಸುತ್ತುಗಟ್ಟಿ ಕುಣಿಯುವುದು, ಕುಣಿಯುತ್ತ ಹಾಡುವುದು, ಹಾಗೆ ಹಾಡಿ ಕುಣಿಯುವ ಕಣ, ಈ ಮೂರಕ್ಕೂ ಅವರಲ್ಲಿ ಅದೇ ಹೆಸರಿತ್ತು. ಇಂಗ್ಲಿಷಿನ ಕೋರಸ್, ಕ್ವಾಯರ್, ಕೋರಲ್, ಕೊರಾಲ್ ಎಲ್ಲವೂ ಆ ಒಂದೇ ಬೇರಿನಿಂದ ಒಡೆದವು. ಇವತ್ತು ವಾದ್ಯಗಾರರ ತಂಡಕ್ಕೆ ಸಲ್ಲುವ ‘ಆರ್ಕೆಸ್ಟ್ರಾ’ ಕೂಡ ಮೂಲತಃ ರಂಗದ ಮುಂದೆ ಮೇಳ ಕುಣಿಯುತ್ತಿದ್ದ ಕಣದ ಹೆಸರು. ಕಾಲಕ್ರಮದಲ್ಲಿ ಕುಣಿತ ಬಿಟ್ಟುಹೋಯಿತು, ಹಾಡು ಉಳಿಯಿತು. ಆದರೆ ಎರಡೂವರೆ ಸಾವಿರ ವರ್ಷಗಳ ಉದ್ದಕ್ಕೂ ಯುರೋಪಿನ ಗುಂಪುಗಾಯನವನ್ನು ತಿದ್ದಿ ರೂಪಿಸಿದ್ದು ಸಂಗೀತಶಾಸ್ತ್ರಕ್ಕಿಂತ ಹೆಚ್ಚಾಗಿ ಒಂದು ಸಾಮಾಜಿಕ ಪ್ರಶ್ನೆ: ಸಾಲಿನಲ್ಲಿ ನಿಂತು ಹಾಡಲು ಯಾರಿಗೆ ಅವಕಾಶ, ಯಾರು ಸುಮ್ಮನೆ ಕೂತು ಕೇಳಬೇಕು?

ಕ್ರಿ.ಪೂ. 7ನೇ ಶತಮಾನದ ಸ್ಪಾರ್ಟಾದಲ್ಲಿ ಹುಡುಗಿಯರ ಮೇಳಗಳಿದ್ದವು. ಅವುಗಳಿಗೆಂದು ಕವಿ ಆಲ್ಕ್‌ಮನ್ ಕಟ್ಟಿದ ಹಾಡೊಂದರ ಪ್ಯಾಪಿರಸ್ ತುಂಡು 1855ರಲ್ಲಿ ಈಜಿಪ್ಟಿನ ಸಕ್ಕಾರಾದಲ್ಲಿ ಸಿಕ್ಕಿತು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಹಾಡುವ ಹುಡುಗಿಯರ ಹೆಸರುಗಳೇ ಹಾಡಿನೊಳಗೆ ಬರುತ್ತವೆ; ಒಬ್ಬಳ ಚೆಲುವನ್ನು ಇನ್ನೊಬ್ಬಳು ಹೊಗಳುತ್ತಾಳೆ. ಅಥೆನ್ಸಿನಲ್ಲಿ ಮೇಳ ಇನ್ನೂ ದೊಡ್ಡ ನಾಗರಿಕ ವ್ಯವಹಾರವಾಯಿತು. ವಸಂತದ ಡಯೊನೀಸಿಯ ಉತ್ಸವದಲ್ಲಿ ನಗರದ ಹತ್ತು ಕುಲಗಳೂ ಐವತ್ತು ಗಂಡಸರದ್ದೊಂದು, ಐವತ್ತು ಹುಡುಗರದ್ದೊಂದು ಮೇಳ ಕಳಿಸಬೇಕಿತ್ತು. ನಾಟಕಗಳ ಮೇಳಗಳನ್ನು ಬಿಟ್ಟೇ ಒಂದು ಹಬ್ಬಕ್ಕೆ ಸಾವಿರ ಮಂದಿ ಹಾಡುಗಾರರು. ಇವರೆಲ್ಲ ವೃತ್ತಿಯವರಲ್ಲ, ಊರಿನ ಸಾಮಾನ್ಯ ನಾಗರಿಕರು. ತಾಲೀಮಿನ ಅವಧಿಯಲ್ಲಿ ಅವರಿಗೆ ಸೈನ್ಯದ ಸೇವೆಯಿಂದ ವಿನಾಯಿತಿ ಇತ್ತು. ಹಾಡಿ ಕುಣಿಯಲು ಕಲಿಯದವನನ್ನು ವಿದ್ಯೆ ಇಲ್ಲದವನೆಂದೇ ಎಣಿಸಬೇಕು ಎಂದು ಪ್ಲೇಟೊ ತನ್ನ ‘ಲಾಸ್’ ಗ್ರಂಥದಲ್ಲಿ ವಾದಿಸುವುದು ಇಂಥ ಊರಿನ ಹಿನ್ನೆಲೆಯಲ್ಲೇ.

ಮೇಳದ ಖರ್ಚು ಹೊರುವವನು ‘ಖೊರೆಗೋಸ್’. ಶ್ರೀಮಂತರ ಮೇಲೆ ನಗರ ಹೊರಿಸುತ್ತಿದ್ದ ಒಂದು ಬಗೆಯ ತೆರಿಗೆ ಇದು. ಮೇಳದವರಿಗೆ ಊಟ, ಉಡುಪು, ಗುರುವಿನ ಸಂಬಳ, ಕೊಳಲಿನವನ ಸಂಬಳ ಎಲ್ಲವೂ ಅವನದೇ. ಗೆದ್ದರೆ ಕಂಚಿನ ಮುಕ್ಕಾಲಿ ಪೀಠ ಬಹುಮಾನ, ಅದನ್ನು ನಿಲ್ಲಿಸಲು ಸ್ಮಾರಕ ಕಟ್ಟಿಸುವುದೂ ಮತ್ತೆ ಅವನ ಖರ್ಚಿನಲ್ಲೇ. ಹುಡುಗರ ಮೇಳವೊಂದು ಗೆದ್ದುದಕ್ಕೆ ಲೈಸಿಕ್ರೆಟಿಸ್ ಎಂಬವನು ಕ್ರಿ.ಪೂ. 334ರ ಸುಮಾರಿಗೆ ಕಟ್ಟಿಸಿದ ದುಂಡು ಸ್ಮಾರಕ ಅಥೆನ್ಸಿನ ಪ್ಲಾಕಾ ಬೀದಿಗಳ ನಡುವೆ ಇಂದಿಗೂ ಇದೆ. ಈ ಗೌರವದ ಹಿಂದಿನ ಪೈಪೋಟಿ ಎಷ್ಟು ಕಟುವಾಗಿತ್ತು ಎನ್ನುವುದಕ್ಕೆ ನ್ಯಾಯಾಲಯದ ಒಂದು ಭಾಷಣ ಸಾಕ್ಷಿ. ಖೊರೆಗೋಸ್ ಒಬ್ಬ ತನ್ನ ಮನೆಯಲ್ಲೇ ತಾಲೀಮಿನ ಕೋಣೆ ಮಾಡಿ ಹುಡುಗರನ್ನು ಇರಿಸಿಕೊಂಡಿದ್ದ. ಅವರಲ್ಲಿ ಡಿಯೊಡೋಟಸ್ ಎಂಬ ಹುಡುಗ, ಕಂಠ ಕುದುರಲೆಂದು ಕುಡಿಸಿದರೆನ್ನಲಾದ ಔಷಧದಿಂದ ಸತ್ತ. ಕೊಲೆಯ ಆರೋಪ ಮನೆಯೊಡೆಯನ ಮೇಲೆ ಬಂತು. ಔಷಧ ಕುಡಿಸಿದಾಗ ತಾನು ಅಲ್ಲಿರಲೇ ಇಲ್ಲ, ಮೇಲ್ವಿಚಾರಣೆಗೆ ಬೇರೆಯವರನ್ನು ನೇಮಿಸಿದ್ದೆ ಎಂದು ಅವನು ಹೇಳಿಕೊಳ್ಳಲು ವಾಗ್ಮಿ ಆಂಟಿಫೋನ್ ಬರೆದುಕೊಟ್ಟ ಭಾಷಣ ಉಳಿದುಬಂದಿದೆ.

ಪರದೇಶಿಗಳಿಗೆ ಡಯೊನೀಸಿಯ ಉತ್ಸವದ ಮೇಳದಲ್ಲಿ ಜಾಗವಿರಲಿಲ್ಲ. ಅಂಥವನನ್ನು ಸೇರಿಸಿಕೊಂಡರೆ ಒಬ್ಬೊಬ್ಬನಿಗೆ ಸಾವಿರ ದ್ರಾಕ್ಮಾ ದಂಡ. ಡಿಮೇಡಿಸ್ ಎಂಬ ರಾಜಕಾರಣಿ ನೂರು ಮಂದಿ ಪರದೇಶಿಗಳದ್ದೇ ಮೇಳ ಕಟ್ಟಿ, ದಂಡದ ಹಣವನ್ನೂ ರಂಗಮಂದಿರಕ್ಕೇ ಹೊತ್ತು ತಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ದುಡ್ಡಿನ ಮದವನ್ನು ತೋರಿಸಲು ಹೇಳಿದ ಕತೆಯಾದರೂ, ಮೇಳಕ್ಕೆ ಸೇರುವುದು ನಾಗರಿಕತ್ವದ ಗುರುತಾಗಿತ್ತು ಎಂಬುದು ಇದರಿಂದ ಸ್ಪಷ್ಟ.

ದುರಂತ ನಾಟಕದ ಮೇಳ ಚಿಕ್ಕದು. ಮೊದಲು 12 ಜನ, ಸೊಫೊಕ್ಲಿಸ್ ಅದನ್ನು 15ಕ್ಕೆ ಏರಿಸಿದನೆಂದು ಹೇಳಿಕೆ. ಪ್ರಹಸನಕ್ಕೆ 24. ಕ್ರಿ.ಪೂ. 472ರಲ್ಲಿ ಈಸ್ಕಿಲಸ್‌ನ ‘ಪರ್ಷಿಯನ್ಸ್’ ನಾಟಕಕ್ಕೆ ಖೊರೆಗೋಸ್ ಆಗಿ ಹಣ ಹಾಕಿದವನು ಇನ್ನೂ ಎಳೆಯ ಪೆರಿಕ್ಲಿಸ್. ಅದೇ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಅದಕ್ಕೂ ಮುಂಚೆ, 1929ರಲ್ಲಿ, ಸೊಫೊಕ್ಲಿಸ್‌ನ ‘ಏಜಾಕ್ಸ್’ ಅನ್ನು ಮಹಾಭಾರತದ ನೆಲಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದಿದ್ದರು. ಗ್ರೀಕ್ ಕೋರಸ್‌ಗೆ ಕನ್ನಡದಲ್ಲಿ ‘ಮೇಳ’ ಎಂಬ ಹೆಸರೇ ನೆಲೆಗೊಂಡಿದೆ. ಆದರೂ ಯಕ್ಷಗಾನದ ಹಿಮ್ಮೇಳಕ್ಕೂ ಅದಕ್ಕೂ ಒಂದು ಅಂತರವಿದೆ. ಭಾಗವತ ಕತೆಯ ಹೊರಗೆ ನಿಂತು ಆಟವನ್ನು ನಡೆಸುತ್ತಾನೆ. ಗ್ರೀಕ್ ಮೇಳದವರು ಕತೆಯೊಳಗಿನವರೇ, ಆ ಊರಿನ ಮುದುಕರೋ ಸೆರೆಯಾಳು ಹೆಂಗಸರೋ ಆಗಿ ಭಯಪಡುತ್ತಾರೆ, ಬುದ್ಧಿ ಹೇಳುತ್ತಾರೆ, ಕೊನೆಗೆ ಏನನ್ನೂ ತಡೆಯಲಾಗದೆ ನೋಡುತ್ತಾರೆ. ಹೆಂಗಸರ ಪಾತ್ರದ ಮೇಳದಲ್ಲೂ ನಿಂತವರು ಗಂಡಸರೇ. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ನಾಟಕ ಮೇಳವನ್ನು ಹೊರಗೆ ತಳ್ಳಿತ್ತು. ಮೆನಾಂಡರನ ಪ್ರಹಸನಗಳ ಹಸ್ತಪ್ರತಿಯಲ್ಲಿ ಅಂಕಗಳ ನಡುವೆ ‘ಮೇಳದ್ದು’ ಎಂಬ ಒಂದು ಸೂಚನೆ ಮಾತ್ರ ಇರುತ್ತದೆ, ಅವರು ಏನು ಹಾಡಿದರು ಎಂಬುದನ್ನು ಬರೆದಿಡುವ ಅಗತ್ಯವೇ ಯಾರಿಗೂ ಕಂಡಿಲ್ಲ.

ಕ್ರೈಸ್ತ ಸಭೆಗಳ ಹಾಡು ಬೇರೆ ದಾರಿಯಲ್ಲಿ ಬಂತು. ಆರಂಭದ ಶತಮಾನಗಳಲ್ಲಿ ಕೂಡಿದವರೆಲ್ಲ ಕೀರ್ತನೆ ಹೇಳುವುದು ವಾಡಿಕೆ. 386ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್‌ನಿಂದ ಚರ್ಚನ್ನು ಕಿತ್ತುಕೊಳ್ಳಲು ಅರಮನೆ ಹೊಂಚಿದಾಗ ಜನ ರಾತ್ರಿಯಿಡೀ ಒಳಗೇ ಉಳಿದರು. ದಣಿವು ಅವರನ್ನು ಕುಗ್ಗಿಸದಿರಲೆಂದು ಪೂರ್ವದೇಶಗಳ ರೀತಿಯಲ್ಲಿ ಹಾಡಿಸುವ ಪದ್ಧತಿ ಅಲ್ಲಿ ಶುರುವಾಯಿತೆಂದು ಆಗಸ್ಟಿನ್ ತನ್ನ ಆತ್ಮಕಥನದಲ್ಲಿ ನೆನೆಯುತ್ತಾನೆ. ಆದರೆ ಅದೇ ಶತಮಾನದಲ್ಲಿ ಏಷ್ಯಾಮೈನರಿನ ಲವೊಡಿಕೀಯದಲ್ಲಿ ಸೇರಿದ ಧರ್ಮಸಭೆ ಅದಕ್ಕೆ ವಿರುದ್ಧ ದಿಕ್ಕಿನ ಕಟ್ಟಳೆ ಮಾಡಿತ್ತು: ವೇದಿಕೆ ಏರಿ ಪುಸ್ತಕ ನೋಡಿ ಹಾಡಲು ನೇಮಕಗೊಂಡವರ ಹೊರತು ಮತ್ತಾರೂ ಚರ್ಚಿನಲ್ಲಿ ಹಾಡಕೂಡದು. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂಬ ಪೌಲನ ಪತ್ರದ ಮಾತನ್ನೂ ಹಾಡಿಗೆ ಅನ್ವಯಿಸಿದ್ದಾಯಿತು. ಮುಂದಿನ ಸಾವಿರ ವರ್ಷ ಪಶ್ಚಿಮದ ಚರ್ಚಿನಲ್ಲಿ ಗೆದ್ದದ್ದು ಮಿಲಾನ್ ಅಲ್ಲ, ಲವೊಡಿಕೀಯ.

ಈ ಗೆಲುವು ಕಟ್ಟಡದಲ್ಲೂ ಕಾಣುತ್ತದೆ. ದೊಡ್ಡ ಚರ್ಚುಗಳಲ್ಲಿ ಜನ ನಿಲ್ಲುವ ಪಡಸಾಲೆಗೂ ಬಲಿಪೀಠಕ್ಕೂ ನಡುವಿನ ಭಾಗಕ್ಕೆ ಕ್ವಾಯರ್ ಎಂದು ಹೆಸರು. ಹಾಡುವವರಿಂದ ಜಾಗಕ್ಕೆ ಬಂದ ಹೆಸರು ಅದು. ಎದುರುಬದುರಾಗಿ ಎರಡು ಸಾಲು ಮರದ ಪೀಠಗಳು. ಒಂದು ಸಾಲು ಒಂದು ಚರಣ ಹೇಳಿದರೆ ಇನ್ನೊಂದು ಸಾಲು ಮುಂದಿನದು. ಹಗಲುರಾತ್ರಿ ಎಂಟು ಹೊತ್ತಿನ ಪ್ರಾರ್ಥನೆಯಲ್ಲಿ ನಿಂತು ನಿಂತು ಸೋಲುವ ಸನ್ಯಾಸಿಗಳಿಗೆ ಮಡಚುವ ಆಸನದ ಅಡಿಯಲ್ಲಿ ಸಣ್ಣದೊಂದು ದಿಂಡು ಕೂರಿಸಿರುತ್ತಿದ್ದರು: ಆಸನ ಮೇಲಕ್ಕೆತ್ತಿದರೆ ನಿಂತಂತೆಯೂ ಆಯಿತು, ದಿಂಡಿಗೆ ಒರಗಿ ಅರ್ಧ ಕೂತಂತೆಯೂ ಆಯಿತು. ದೇವರ ಮುಂದೆ ಪೂಜ್ಯವಾದ ಜಾಗದಲ್ಲೇ, ಆ ದಿಂಡಿನ ಕೆಳಗೆ, ಬಡಗಿಗಳು ನರಿ, ಮಂಗ, ಜಗಳಗಂಟಿ ಗಂಡಹೆಂಡಿರನ್ನೆಲ್ಲ ಕೆತ್ತಿದ್ದಾರೆ. ಇಡೀ ಈ ಭಾಗವನ್ನು ಕಲ್ಲಿನ ಅಥವಾ ಮರದ ಅಡ್ಡಗೋಡೆಯೊಂದು ಜನರಿಂದ ಬೇರ್ಪಡಿಸುತ್ತಿತ್ತು. ಜನಕ್ಕೆ ಹಾಡು ಗೋಡೆಯಾಚೆಯಿಂದ ಕೇಳಿಬರುತ್ತಿತ್ತು, ಅದೂ ತಿಳಿಯದ ಲ್ಯಾಟಿನಿನಲ್ಲಿ.

ಬಾಯಿಪಾಠವೇ ಗತಿಯಾಗಿದ್ದ ಕಾಲದಲ್ಲಿ ವರ್ಷವಿಡೀ ಬೇಕಾದ ಸಾವಿರಾರು ಗೀತೆಗಳನ್ನು ಕಲಿಯಲು ಹತ್ತು ವರ್ಷ ಹಿಡಿಯುತ್ತಿತ್ತಂತೆ. 1020ರ ದಶಕದಲ್ಲಿ ಇಟಲಿಯ ಅರೆಟ್ಸೊ ಪಟ್ಟಣದ ಸನ್ಯಾಸಿ ಗೀಡೊ, ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ಖಚಿತಗೊಳಿಸಿ, ಉತ್, ರೆ, ಮಿ, ಫ, ಸೊಲ್, ಲ ಎಂದು ಹೆಸರಿಟ್ಟು ಕಲಿಸತೊಡಗಿದ. ತನ್ನ ವಿಧಾನದಲ್ಲಿ ಒಂದು, ಹೆಚ್ಚೆಂದರೆ ಎರಡು ವರ್ಷ ಸಾಕೆಂದು ಅವನ ಹೆಮ್ಮೆ. ಹೊಸತನ ಸಹಿಸದ ಸಹಸನ್ಯಾಸಿಗಳ ಕಾಟಕ್ಕೆ ಅವನು ಮೊದಲಿದ್ದ ಮಠವನ್ನೇ ಬಿಡಬೇಕಾಯಿತು.

ಹೆಂಗಸರಿಗೆ ಉಳಿದದ್ದು ಅವರದೇ ಮಠಗಳು. ಅಲ್ಲಿ ಹಾಡಿನ ಬೆಲೆ ಏನಿತ್ತು ಎಂಬುದನ್ನು 1178ರ ಘಟನೆ ಹೇಳುತ್ತದೆ. ಬಹಿಷ್ಕೃತನೆನಿಸಿಕೊಂಡಿದ್ದ ಒಬ್ಬನನ್ನು ಮಠದ ಸ್ಮಶಾನದಲ್ಲಿ ಹೂಳಿಸಿದಳೆಂದು ಬಿಂಗೆನ್ನಿನ ಹಿಲ್ಡೆಗಾರ್ಡಳ ಮೇಲೆ ಮೈನ್ಸಿನ ಧರ್ಮಾಧಿಕಾರಿಗಳು ಕೋಪಗೊಂಡರು. ಶಿಕ್ಷೆಯಾಗಿ ಅವಳ ಮಠದಲ್ಲಿ ಹಾಡು ನಿಷೇಧಿಸಿದರು. ಪ್ರಾರ್ಥನೆಯನ್ನು ಓದಬಹುದು, ಹಾಡುವಂತಿಲ್ಲ. ಆಗ ಅವಳಿಗೆ ಎಂಬತ್ತು ವರ್ಷ, ತಾನೇ ಹತ್ತಾರು ಗೀತೆ ರಚಿಸಿದವಳು. ದೇವರ ಸ್ತುತಿಯ ಬಾಯಿ ಕಟ್ಟುವವರಿಗೆ ಪರಲೋಕದ ಗಾಯನದಲ್ಲೂ ಪಾಲಿರದೆಂದು ಅವಳು ಅವರಿಗೆ ಬರೆದ ಪತ್ರ ಎಚ್ಚರಿಸುತ್ತದೆ. 1179ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಅವಳು ತೀರಿಕೊಂಡಳು.

ಚರ್ಚಿನ ಸಂಗೀತ ಬಹುಕಂಠವಾದಂತೆ ತಾರದ ದನಿ ಎಲ್ಲಿಂದ ತರುವುದೆಂಬ ಪ್ರಶ್ನೆ ಎದುರಾಯಿತು. ಹುಡುಗರ ಕಂಠ ಕೆಲವೇ ವರ್ಷ ಉಳಿಯುತ್ತದೆ; ಹೆಂಗಸರು ಬರುವಂತಿಲ್ಲ. ಈ ಇಕ್ಕಟ್ಟಿಗೆ ಇಟಲಿ ಕಂಡುಕೊಂಡ ದಾರಿ ಕ್ರೂರವಾದದ್ದು. ದನಿ ಒಡೆಯುವ ಮೊದಲೇ ಹುಡುಗರ ಬೀಜ ಒಡೆಸಿ ಬೆಳೆಸಿದ ಗಾಯಕರು, ಅಂದರೆ ‘ಕಾಸ್ಟ್ರಾಟೊ’ಗಳು, 16ನೇ ಶತಮಾನದಿಂದ ಚರ್ಚಿನ ಮೇಳಗಳಿಗೆ ಬಂದರು. 1589ರಲ್ಲಿ ಪೋಪ್ ಐದನೆಯ ಸಿಕ್ಸ್‌ಟಸ್ ಸಂತ ಪೀಟರ್ ಚರ್ಚಿನ ಮೇಳವನ್ನು ಪುನರ್ರಚಿಸಿದಾಗ ಅವರಿಗೆ ಅಧಿಕೃತ ಜಾಗವೇ ಸಿಕ್ಕಿತು. ಈ ಸಾಲಿನ ಕೊನೆಯವರಲ್ಲಿ ಒಬ್ಬನಾದ ಅಲೆಸಾಂಡ್ರೊ ಮೊರೆಸ್ಕಿ ವ್ಯಾಟಿಕನ್ನಿನ ಸಿಸ್ಟೀನ್ ಮೇಳದಲ್ಲಿದ್ದ. 1902 ಮತ್ತು 1904ರಲ್ಲಿ ಅವನ ದನಿ ಗ್ರಾಮಫೋನಿನಲ್ಲಿ ದಾಖಲಾಗಿದೆ. ಎರಡೂ ಧ್ವನಿಮುದ್ರಣಗಳ ನಡುವೆ, 1903ರಲ್ಲಿ, ಪೋಪ್ ಹತ್ತನೆಯ ಪಯಸ್ ಚರ್ಚಿನ ಮೇಳದಲ್ಲಿ ತಾರದ ದನಿಗೆ ಹುಡುಗರನ್ನೇ ಬಳಸಬೇಕೆಂದು ಆಜ್ಞೆ ಹೊರಡಿಸಿದ. ಹೆಂಗಸರಿಗೆ ಆಗಲೂ ಪ್ರವೇಶವಿಲ್ಲ.

ಅಡ್ಡಗೋಡೆಯಾಚೆಯ ಜನರ ಬಾಯಿ ಬಿಡಿಸಿದ್ದು 16ನೇ ಶತಮಾನದ ಧರ್ಮಸುಧಾರಣೆ. ಮಾರ್ಟಿನ್ ಲೂಥರ್ 1524ರಲ್ಲಿ ಜರ್ಮನ್ ಭಾಷೆಯ ಹಾಡುಪುಸ್ತಕಗಳನ್ನು ಹೊರತಂದ. ‘ಕೊರಾಲ್’ ಎಂಬ ಈ ಸರಳ ಗೀತೆಗಳನ್ನು ಅಡುಗೆಯವಳೂ ಕಮ್ಮಾರನೂ ಒಂದೇ ಪಟ್ಟಿನಲ್ಲಿ ಹಾಡಬಹುದಿತ್ತು. ಸುಧಾರಕರೆಲ್ಲ ಒಂದೇ ಮನಸ್ಸಿನವರೇನೂ ಅಲ್ಲ. ಕ್ಯಾಲ್ವಿನ್ ಬೈಬಲಿನ ಕೀರ್ತನೆಗಳನ್ನು ಮಾತ್ರ, ಅದೂ ಏಕಕಂಠದಲ್ಲಿ, ಒಪ್ಪಿದ. ಜ್ಯೂರಿಕ್ಕಿನ ಟ್ಸ್ವಿಂಗ್ಲಿ ಸ್ವತಃ ಹಲವು ವಾದ್ಯ ನುಡಿಸಬಲ್ಲ ಸಂಗೀತಗಾರ. ಆದರೂ ಪ್ರಾರ್ಥನೆಯಲ್ಲಿ ಸಂಗೀತವೇ ಬೇಡವೆಂದ. ಅಲ್ಲಿನ ಚರ್ಚುಗಳಲ್ಲಿ 1598ರವರೆಗೂ ಹಾಡು ಕೇಳಲಿಲ್ಲ.

ಲೂಥರನ ಊರುಗಳಲ್ಲಿ ಜನರ ಹಾಡಿನ ಜೊತೆಗೆ ಪಳಗಿದ ಮೇಳವೂ ಮುಂದುವರಿಯಿತು. ಲೈಪ್ಸಿಗ್ಗಿನ ಸಂತ ಥಾಮಸ್ ಶಾಲೆಯ ಹುಡುಗರ ಮೇಳ 1212ರಷ್ಟು ಹಳೆಯದು. 1723ರಿಂದ 1750ರಲ್ಲಿ ಸಾಯುವವರೆಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ ಅದರ ಗುರು. 1730ರ ಆಗಸ್ಟ್ 23ರಂದು ಅವನು ನಗರಸಭೆಗೆ ಬರೆದ ಮನವಿ ಮೇಳವೊಂದರ ಒಳಗನ್ನು ತೆರೆದು ತೋರಿಸುತ್ತದೆ. ಒಂದು ಮೇಳವೆಂದರೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಈ ನಾಲ್ಕು ದನಿಗಳಿಗೂ ಕನಿಷ್ಠ ಮೂವರಂತೆ 12 ಜನ ಬೇಕು; ನಾಲ್ವರಂತೆ 16 ಇದ್ದರೆ ಒಳ್ಳೆಯದು, ಏಕೆಂದರೆ ಯಾರಾದರೂ ಕಾಯಿಲೆ ಬೀಳುವುದು ಇದ್ದದ್ದೇ. ತನ್ನ ಕೈಯಲ್ಲಿರುವ 54 ಹುಡುಗರನ್ನು ಮುಲಾಜಿಲ್ಲದೆ ವಿಂಗಡಿಸಿಯೂ ಇದ್ದಾನೆ: ಕೆಲಸಕ್ಕೆ ಬರುವವರು 17, ಇನ್ನೂ ತಯಾರಾಗದವರು 20, ಯಾತಕ್ಕೂ ಬಾರದವರು 17. ಇಂದು ನೂರಾರು ಕಂಠಗಳಲ್ಲಿ ಮೊಳಗುವ ಬಾಖ್‌ನ ಕೃತಿಗಳು ಹುಟ್ಟಿದ್ದು ಈ ಲೆಕ್ಕಾಚಾರದ ನಡುವೆ. ಇನ್ನೂ ನಾಲ್ವರು ಹುಡುಗರು ಸಿಕ್ಕಿದ್ದರೆ ಸಾಕಿತ್ತು ಎನ್ನುವಂತಿದೆ ಆ ಪತ್ರದ ದನಿ.

ಚರ್ಚಿನಿಂದ ಸಭಾಂಗಣಕ್ಕೆ ದಾಟಿದ ಮೇಳಕ್ಕೆ ಹೆಂಡಲ್‌ನ ‘ಮೆಸ್ಸಾಯ’ ದೊಡ್ಡ ಸೇತುವೆ. 1742ರ ಏಪ್ರಿಲ್ 13ರಂದು ಡಬ್ಲಿನ್ನಿನ ಫಿಶಾಂಬಲ್ ಬೀದಿಯ ಸಂಗೀತಶಾಲೆಯಲ್ಲಿ ಅದರ ಮೊದಲ ಪ್ರಯೋಗ. ಮೇಳದವರು ಊರಿನ ಎರಡು ಕೆಥೆಡ್ರಲ್‌ಗಳ ಗಂಡಸರು ಮತ್ತು ಹುಡುಗರು. ಜನ ಹೆಚ್ಚು ಹಿಡಿಯಲೆಂದು ಹೆಂಗಸರು ಬಳೆಕಟ್ಟಿನ ಲಂಗ ತೊಡದೆ, ಗಂಡಸರು ಕತ್ತಿ ಸಿಕ್ಕಿಸಿಕೊಳ್ಳದೆ ಬರಬೇಕೆಂದು ಮೊದಲೇ ಕೋರಲಾಗಿತ್ತು. ಸಂಗ್ರಹವಾದ ಹಣದಲ್ಲಿ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ 142 ಮಂದಿ ಬಿಡುಗಡೆಯಾದರು. ಅಲ್ಲಿಂದ ಮುಂದೆ ಗಾತ್ರದ ಹುಚ್ಚು ಹತ್ತಿತು. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಹೆಂಡಲ್ ಸ್ಮರಣೋತ್ಸವದಲ್ಲಿ ಹಾಡುವವರೂ ನುಡಿಸುವವರೂ ಸೇರಿ 500ಕ್ಕೂ ಹೆಚ್ಚು ಜನ. 1857ರ ಕ್ರಿಸ್ಟಲ್ ಪ್ಯಾಲೆಸ್ ಉತ್ಸವದಲ್ಲಿ ಹಾಡುವವರೇ ಸುಮಾರು 2 ಸಾವಿರ. ಹತ್ತಾರು ಕಂಠಗಳಿಗೆ ಬರೆದ ಕೃತಿಯನ್ನು ಸಾವಿರಾರು ಜನ ಹಾಡಿದಾಗ ಸಂಗೀತ ಎಷ್ಟು ಉಳಿಯಿತೆಂಬುದು ಬೇರೆ ಮಾತು, ಆ ಸಾವಿರಾರು ಜನಕ್ಕೆ ಅದು ಮುಖ್ಯವಾಗಿರಲೂ ಇಲ್ಲ.

ಗಂಡು ಹೆಣ್ಣು ಒಟ್ಟಿಗೆ ನಿಂತು, ದೇವರಿಗಾಗಿಯೂ ಅಲ್ಲದೆ ಸಂಬಳಕ್ಕಾಗಿಯೂ ಅಲ್ಲದೆ, ಬರೀ ಹಾಡುವ ಖುಷಿಗೆ ವಾರವಾರ ಸೇರುವ ಸಂಘಕ್ಕೆ ಮಾದರಿ ಹಾಕಿದ್ದು 1791ರಲ್ಲಿ ಕಾರ್ಲ್ ಫ್ರೀಡ್ರಿಖ್ ಫಾಶ್ ಸ್ಥಾಪಿಸಿದ ಬರ್ಲಿನ್ನಿನ ಸಿಂಗ್‌ಅಕಾಡೆಮಿ. ಇಪ್ಪತ್ತರ ಹರೆಯದ ಮೆಂಡೆಲ್‌ಸನ್, ಮರೆತುಹೋಗಿದ್ದ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ ಕೃತಿಯನ್ನು 1829ರ ಮಾರ್ಚ್ 11ರಂದು ಮತ್ತೆ ಬೆಳಕಿಗೆ ತಂದದ್ದು ಈ ಸಂಘದವರಿಂದಲೇ.

ಆದರೂ ಇವರು ಪಟ್ಟಣದ ಓದಿದ ವರ್ಗ. ಗಣಿ, ಗಿರಣಿಗಳ ಜನ ಬಹುಕಂಠ ಸಂಗೀತ ಹಾಡಬೇಕಾದರೆ ಅಡ್ಡಿಯಾಗಿದ್ದದ್ದು ಐದು ಗೆರೆಗಳ ಲಿಪಿ. ನಾರಿಚ್ ಪಟ್ಟಣದ ಶಿಕ್ಷಕಿ ಸಾರಾ ಗ್ಲೋವರ್ ಮಕ್ಕಳಿಗೆಂದು ಕಂಡುಹಿಡಿದಿದ್ದ ಅಕ್ಷರಲಿಪಿಯನ್ನು ಪಾದ್ರಿ ಜಾನ್ ಕರ್ವೆನ್ 1840ರ ದಶಕದಿಂದ ತಿದ್ದಿ ಬೆಳೆಸಿದ. ಇದೇ ಟಾನಿಕ್ ಸೊಲ್‌ಫ. ಡೊ ಎಂಬುದು ಇಂಥದೇ ಸ್ಥಾನವೆಂದು ಇಲ್ಲ, ಹಾಡುವವರ ಶ್ರುತಿಗೆ ತಕ್ಕಂತೆ ಸರಿಯುತ್ತದೆ. ಆಧಾರ ಷಡ್ಜವನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ನಮ್ಮ ಸರಿಗಮದವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ವರದ ಮೊದಲಕ್ಷರ, ತಾಳಕ್ಕೆ ಚುಕ್ಕೆ ಮತ್ತು ಗೀಟು, ಇಷ್ಟೇ ಇದ್ದದ್ದರಿಂದ ಯಾವ ಅಚ್ಚುಕೂಟದಲ್ಲಾದರೂ ಸಾಮಾನ್ಯ ಮೊಳೆಗಳಲ್ಲಿ ಅಗ್ಗವಾಗಿ ಮುದ್ರಿಸಬಹುದಿತ್ತು. ಕರ್ವೆನ್ ಮೂಲತಃ ಸಂಗೀತಗಾರನೇ ಅಲ್ಲ. ಭಾನುವಾರದ ಶಾಲೆಗಳಲ್ಲಿ ಹಾಡು ಕಲಿಸಲು ಸುಲಭದ ದಾರಿ ಹುಡುಕಿ ಹೊರಟವನು.

ಇದರ ಫಲ ದೊಡ್ಡದಾಗಿ ಕಂಡದ್ದು ವೇಲ್ಸಿನಲ್ಲಿ. ಕಲ್ಲಿದ್ದಲ ಕಣಿವೆಗಳ ಪ್ರಾರ್ಥನಾಮಂದಿರಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರೂ ಸೊಲ್‌ಫ ತರಗತಿಗೆ ಕೂರುತ್ತಿದ್ದರು. ‘ಕರಾಡಗ್’ ಎಂದು ಹೆಸರಾದ ಗ್ರಿಫಿತ್ ರೀಸ್ ಜೋನ್ಸ್, ಕಸುಬಿನಿಂದ ಕಮ್ಮಾರ, ದಕ್ಷಿಣ ವೇಲ್ಸಿನ ಸುಮಾರು 450 ಜನರ ಮಿಶ್ರ ಮೇಳ ಕಟ್ಟಿ ಕ್ರಿಸ್ಟಲ್ ಪ್ಯಾಲೆಸ್ಸಿನ ಸ್ಪರ್ಧೆಗೆ ಲಂಡನ್ನಿಗೆ ಕರೆದೊಯ್ದ. 1872ರಲ್ಲಿ ಎದುರಾಳಿಯೇ ಇರಲಿಲ್ಲ. 1873ರಲ್ಲಿ ಲಂಡನ್ನಿನವರದೇ ಮೇಳವನ್ನು ಸೋಲಿಸಿ 1000 ಗಿನಿ ಬೆಲೆಯ ಬಟ್ಟಲು ಗೆದ್ದರು. ಅಬರ್‌ಡೇರ್ ಪಟ್ಟಣದ ಚೌಕದಲ್ಲಿ ಕತ್ತಿ ಎತ್ತಿ ನಿಂತ ಸೇನಾಧಿಪತಿಯ ಬದಲು, ಕೈಯಲ್ಲಿ ಮೇಳ ನಡೆಸುವ ಕೋಲು ಹಿಡಿದ ಈ ಕಮ್ಮಾರನ ಪ್ರತಿಮೆ ಇದೆ. 1883ರಲ್ಲಿ ಹುಟ್ಟಿದ ಟ್ರಿಯಾರ್ಕಿ ಗಂಡಸರ ಮೇಳದಂಥವು ಗಣಿಗಳು ಮುಚ್ಚಿದ ಮೇಲೂ ಹಾಡುತ್ತಿವೆ.

ಮಿಷನರಿಗಳ ಪೆಟ್ಟಿಗೆಯಲ್ಲಿ ಸೊಲ್‌ಫ ಸಮುದ್ರ ದಾಟಿತು. ವೇಲ್ಸಿನ ಪಾದ್ರಿಗಳು ತಲುಪಿದ ಮಿಜೋ ಬೆಟ್ಟಗಳಲ್ಲಿ ಹಾಡುಪುಸ್ತಕಗಳು ಇಂದಿಗೂ ಸೊಲ್‌ಫ ಅಕ್ಷರಗಳಲ್ಲೇ ಅಚ್ಚಾಗುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಶಾಲಾ ಶಿಕ್ಷಕನೂ ಮೇಳದ ಗುರುವೂ ಆಗಿದ್ದ ಈನೊಕ್ ಸೊಂಟೊಂಗ 1897ರಲ್ಲಿ ರಚಿಸಿದ ಪ್ರಾರ್ಥನಾಗೀತೆ ವರ್ಣಭೇದದ ವಿರುದ್ಧದ ಹೋರಾಟದ ಹಾಡಾಗಿ, ಕೊನೆಗೆ ಆ ದೇಶದ ರಾಷ್ಟ್ರಗೀತೆಯ ಭಾಗವಾಯಿತು. ಕರ್ನಾಟಕಕ್ಕೆ ಬಂದದ್ದು ಜರ್ಮನ್ ಕವಲು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕೊರಾಲ್ ಧಾಟಿಗಳಿಗೆ ಕನ್ನಡದ ಸಾಹಿತ್ಯ ಹೊಂದಿಸಿದರು. ಒತ್ತಕ್ಷರ, ದೀರ್ಘಗಳ ಲೆಕ್ಕದಲ್ಲಿ ನಡೆಯುವ ಕನ್ನಡವನ್ನು ಒತ್ತಿ ಹೇಳುವ ಪದಗಳಿಗೆ ಹುಟ್ಟಿದ ಧಾಟಿಯೊಳಗೆ ಕೂರಿಸುವುದು ಸುಲಭದ ಕೆಲಸವಲ್ಲ. ಆದರೂ ಕರಾವಳಿ ಮತ್ತು ಧಾರವಾಡ ಸೀಮೆಯ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಆ ಧಾಟಿಗಳು ನಾಲ್ಕು ದನಿಗಳೊಡನೆ ಬೇರೂರಿದವು.

ಮೇಳದ ಹಾಡು ಮಾನವನ್ನೂ ರಾಜ್ಯವನ್ನೂ ಗಳಿಸಿಕೊಡಬಲ್ಲದೆಂಬುದಕ್ಕೆ ಎರಡು ನಿದರ್ಶನಗಳಿವೆ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆಂದು ತೆರೆದ ಫಿಸ್ಕ್ ವಿದ್ಯಾಲಯ ಮುಚ್ಚುವ ಸ್ಥಿತಿಗೆ ಬಂದಾಗ, 1871ರ ಅಕ್ಟೋಬರಿನಲ್ಲಿ ಒಂಬತ್ತು ವಿದ್ಯಾರ್ಥಿಗಳ ಮೇಳ ಹಣ ಕೂಡಿಸಲು ಹೊರಟಿತು. ಗುಲಾಮರ ಹಾಡುಗಳು ತಮ್ಮ ಹಿರಿಯರಿಗೆ ಪವಿತ್ರವಾದವು, ಪರರ ಮುಂದೆ ಹಾಡುವಂಥವಲ್ಲ ಎಂಬ ಹಿಂಜರಿಕೆ ಅವರಲ್ಲಿತ್ತು. ಕೊನೆಗೆ ಅವನ್ನೇ ಹಾಡಿ ಅಧ್ಯಕ್ಷ ಗ್ರಾಂಟ್, ರಾಣಿ ವಿಕ್ಟೋರಿಯಾರವರೆಗೆ ಕೇಳಿಸಿದರು; ಗಳಿಸಿದ ಹಣದಲ್ಲಿ ಎದ್ದ ಜುಬಿಲಿ ಹಾಲ್ ಈಗಲೂ ಇದೆ. ಎರಡನೆಯದು ಎಸ್ಟೋನಿಯ. ಆ ಸೀಮೆಯಲ್ಲಿ ಜೀತ ರದ್ದಾಗಿ ಐವತ್ತು ವರ್ಷವಾದ ನೆನಪಿಗೆ 1869ರಲ್ಲಿ ಟಾರ್ಟು ಪಟ್ಟಣದಲ್ಲಿ ಮೊದಲ ಹಾಡುಹಬ್ಬ ನಡೆಯಿತು. ಹಾಡಿ ನುಡಿಸಿದವರು 800ಕ್ಕೂ ಹೆಚ್ಚು, ಎಲ್ಲರೂ ಗಂಡಸರು. ಮಿಶ್ರ ಮೇಳಗಳು ಬಂದದ್ದು 1891ರಲ್ಲಿ. ಸೋವಿಯತ್ ಆಡಳಿತ ಹಬ್ಬವನ್ನು ನಿಲ್ಲಿಸಲಿಲ್ಲ, ತನ್ನ ಹೊಗಳಿಕೆಯ ಹಾಡುಗಳನ್ನು ತುಂಬಿತು. 1960ರ ಹಬ್ಬದಲ್ಲಿ ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ, ಪಟ್ಟಿಯಲ್ಲಿಲ್ಲದ ನಾಡಪ್ರೇಮದ ಗೀತೆಯೊಂದನ್ನು ಮೇಳದವರು ತಾವಾಗಿ ಎತ್ತಿಕೊಂಡರು. ಸಾವಿರಾರು ಜನ ಒಟ್ಟಾಗಿ ಹಾಡುವಾಗ ಮೊದಲು ಬಾಯಿ ತೆರೆದವರಾರೆಂದು ಹುಡುಕುವುದು ಯಾವ ಪೊಲೀಸರಿಗೂ ಆಗದ ಕೆಲಸ. 1988ರ ಸೆಪ್ಟೆಂಬರ್ 11ರಂದು ಟ್ಯಾಲಿನ್ನಿನ ಹಾಡುಬಯಲಿನಲ್ಲಿ ಸುಮಾರು 3 ಲಕ್ಷ ಜನ ಸೇರಿದ್ದರು. ದೇಶದ ಒಟ್ಟು ಜನಸಂಖ್ಯೆಯೇ 15 ಲಕ್ಷದ ಆಸುಪಾಸು. 1991ರ ಆಗಸ್ಟಿನಲ್ಲಿ ಎಸ್ಟೋನಿಯ ಸ್ವತಂತ್ರವಾಯಿತು.

ಭಾರತದಲ್ಲಿ ಚರ್ಚಿನ ಹೊರಗೆ ಬಹುಕಂಠ ಮೇಳಕ್ಕೆ ಜಾಗ ಮಾಡಿದ್ದು 1943ರಲ್ಲಿ ಹುಟ್ಟಿದ ಇಪ್ಟಾ, ಅಂದರೆ ಭಾರತೀಯ ಜನನಾಟ್ಯ ಸಂಘ. ಅದರ ಜಾಥಾ ಹಾಡುಗಳಲ್ಲಿ ಪಳಗಿದ ಸಲೀಲ್ ಚೌಧರಿ 1958ರಲ್ಲಿ ಬಾಂಬೆ ಯೂತ್ ಕ್ವಾಯರ್ ಕಟ್ಟಿದರು, ಅದೇ ವರ್ಷ ರೂಮಾ ಗುಹಾ ಠಾಕುರ್ತಾ ಕೋಲ್ಕತ್ತದ ಯೂತ್ ಕ್ವಾಯರ್ ಆರಂಭಿಸಿದರು, ಮುಂದೆ ಮದರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್ ಅಂಥದೇ ತಂಡ ಬೆಳೆಸಿದರು. ಒಂದೇ ಎಳೆಯ ರಾಗವನ್ನು ಹಲವು ದನಿಗಳಿಗೆ ಹಂಚಿದರೆ ರಾಗ ರಾಗವಾಗಿ ಉಳಿಯುತ್ತದೆಯೇ ಎಂಬ ತಕರಾರು ಶಾಸ್ತ್ರೀಯರಿಂದ ಬಂತು. ಜನಪದ ಮತ್ತು ಹೊಸ ರಚನೆಗಳನ್ನೇ ಈ ತಂಡಗಳು ಹೆಚ್ಚಾಗಿ ಆಯ್ದುಕೊಂಡದ್ದರಲ್ಲಿ ಆ ತಕರಾರಿಗೆ ಒಂದು ಉತ್ತರವೂ ಇದೆ.

ಬಳಕೆಯಲ್ಲಿ ಈ ಹೆಸರುಗಳು ತಮ್ಮತಮ್ಮ ಜಾಗ ಹಿಡಿದಿವೆ. ಇಂಗ್ಲಿಷಿನವರು ಚರ್ಚಿನ ತಂಡಕ್ಕೂ ತನ್ನಷ್ಟಕ್ಕೆ ನಿಂತು ಹಾಡುವ ತಂಡಕ್ಕೂ ಕ್ವಾಯರ್ ಎನ್ನುತ್ತಾರೆ. ಆಪೆರಾದಲ್ಲಿ, ದೊಡ್ಡ ವಾದ್ಯವೃಂದದ ಜೊತೆ ನಿಲ್ಲುವುದು ಕೋರಸ್. ಹಾಡಿನ ಪಲ್ಲವಿಯೂ ಕೋರಸ್ಸೇ. ಕ್ವಾಯರ್‌ನ ಹಳೆಯ ಕಾಗುಣಿತ (quire) 1662ರ ಪ್ರಾರ್ಥನಾಪುಸ್ತಕದಲ್ಲಿ ಉಳಿದಿದೆ. ಲ್ಯಾಟಿನ್ ಮಾದರಿಗೆ ಕಾಗುಣಿತ ತಿದ್ದಿದ ಪಂಡಿತರಿಗೆ ಉಚ್ಚಾರಣೆಯನ್ನು ತಿದ್ದಲಾಗಲಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಗ್ಲೀ ಕ್ಲಬ್ ಎಂಬ ಹೆಸರಿದೆ. 18ನೇ ಶತಮಾನದ ಲಂಡನ್ನಿನಲ್ಲಿ ಗಂಡಸರು ಊಟದ ಮೇಜಿನ ಸುತ್ತ ಹಾಡುತ್ತಿದ್ದ ‘ಗ್ಲೀ’ಗಳಿಂದ ಬಂದದ್ದು. ಕನ್ನಡದಲ್ಲಿ ಚರ್ಚಿನವರು ಕ್ವಾಯರ್ ಎನ್ನುತ್ತಾರೆ, ಸಿನಿಮಾ ಧ್ವನಿಮುದ್ರಣದವರು ಕೋರಸ್ ಎನ್ನುತ್ತಾರೆ, ಶಾಲೆ ಮತ್ತು ಆಕಾಶವಾಣಿಯಲ್ಲಿ ಅದು ಸಮೂಹಗಾನ ಅಥವಾ ವೃಂದಗಾನ. ಭಜನಾ ಮಂಡಳಿಯನ್ನು ಮಾತ್ರ ಯಾರೂ ಕ್ವಾಯರ್ ಎನ್ನುವುದಿಲ್ಲ. ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವ ಅಲ್ಲಿ ಸೊಪ್ರಾನೊ, ಬೇಸ್ ಎಂಬ ಪಾಲುಗಳಿಲ್ಲ. ಬಾಖ್‌ನಂತೆ ಯಾತಕ್ಕೂ ಬಾರದವರನ್ನು ಎಣಿಸಿ ಹೊರಗಿಡುವವರೂ ಇಲ್ಲ.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಮೇಳವೊಂದರ 61 ಮಂದಿ ಎರಡೂವರೆ ಗಂಟೆ ತಾಲೀಮು ನಡೆಸಿದರು. ಕೊರೊನಾ ತಗುಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ಸತ್ತರು. ರೋಗ ಗಾಳಿಯಲ್ಲಿ ಹೇಗೆ ಹರಡುತ್ತದೆಂಬ ಚರ್ಚೆಯಲ್ಲಿ ಈ ಪ್ರಕರಣ ಪದೇ ಪದೇ ಉದ್ಧೃತವಾಯಿತು, ಜಗತ್ತಿನ ಮೇಳಗಳು ತಿಂಗಳುಗಟ್ಟಲೆ ಕಂಪ್ಯೂಟರ್ ಪರದೆಗೆ ಸರಿದವು. ಪರದೆಯ ಮೇಲಿನ ಮೇಳ ಹೊಸತಲ್ಲ. ಸಂಗೀತ ಸಂಯೋಜಕ ಎರಿಕ್ ವಿಟಾಕರ್ 2010ರಲ್ಲೇ 12 ದೇಶಗಳ 185 ಜನ ಅವರವರ ಮನೆಯಲ್ಲಿ ಹಾಡಿದ್ದನ್ನು ಒಂದಾಗಿ ಹೆಣೆದಿದ್ದ.

ಚರ್ಚಿನ ಹಳೆಯ ಮೇಳಗಳಿಗೆ ಹುಡುಗಿಯರು ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್ 1991ರಲ್ಲಿ ಹುಡುಗಿಯರ ಪ್ರತ್ಯೇಕ ಮೇಳ ಆರಂಭಿಸಿತು, ಆಮೇಲೆ ಒಂದೊಂದಾಗಿ ಇತರ ಕೆಥೆಡ್ರಲ್‌ಗಳು ಅನುಸರಿಸಿದವು. 2019ರಲ್ಲಿ ಬರ್ಲಿನ್ನಿನ ಒಂಬತ್ತು ವರ್ಷದ ಹುಡುಗಿಯೊಬ್ಬಳ ಪರವಾಗಿ ಅವಳ ತಾಯಿ ಆಡಳಿತ ನ್ಯಾಯಾಲಯಕ್ಕೆ ಹೋದಳು. 1465ರಿಂದ ಹುಡುಗರಿಗೇ ಮೀಸಲಾದ ಆ ಊರಿನ ಕೆಥೆಡ್ರಲ್ ಮೇಳ ಸರ್ಕಾರಿ ಸಂಸ್ಥೆಯ ಭಾಗ, ಹಾಗಾಗಿ ಹುಡುಗಿಯೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂಬುದು ವಾದ. ಹುಡುಗರ ಮೇಳದ ನಾದಕ್ಕೆ ತನ್ನದೇ ಗುಣವಿದೆ, ಯಾವ ನಾದ ಬೇಕೆಂದು ನಿರ್ಧರಿಸುವುದು ಕಲೆಯ ಸ್ವಾತಂತ್ರ್ಯಕ್ಕೆ ಬಿಟ್ಟದ್ದು ಎಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು; ಮೇಲ್ಮನವಿಯೂ 2021ರಲ್ಲಿ ಬಿದ್ದುಹೋಯಿತು.